ಪೋಕರ್ ಶಿಸ್ತಾಗಿ ಕಲಿಯಬೇಕು, 2,000 ರೂಪಾಯಿ ಇದೆ, ಎಲ್ಲಿಂದ ಶುರು ಮಾಡಲಿ?

ಕೆಲಗೇರಿ ದಂಡೆ (ಶುಕ್ರವಾರ, ರಾತ್ರಿ 10:20)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು. ಎರಡು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ರೂಮಿನ ಗೆಳೆಯ ಪೋಕರ್ ಹೇಳಿಕೊಟ್ಟ. ಟೆಕ್ಸಾಸ್ ಹೋಲ್ಡೆಮ್, ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು ಎಲೆ. ಬೆಂಕಿಕಡ್ಡಿ ಇಟ್ಟು ಇಬ್ಬರೇ ಆಡಿದೆವು. ಭಾಳ ಹಿಡಿಸಿತು. ಅಂದರ್ ಬಾಹರ್ ಸಣ್ಣವನಿದ್ದಾಗಿಂದ ನೋಡಿದ್ದೇನೆ, ಇದು ಹಾಗಲ್ಲ. ಇದರಲ್ಲಿ ಲೆಕ್ಕ ಇದೆ, ಎದುರಿನವರನ್ನು ಓದುವುದಿದೆ.

ಈಗ ಅವನು ಟೆಲಿಗ್ರಾಂನಲ್ಲಿ ಒಂದು ಲಿಂಕ್ ಕಳಿಸಿದ್ದಾನೆ. ಹೊರದೇಶದ ಸೈಟ್ ಅಂತೆ. 1-2 ರೂಪಾಯಿ ಟೇಬಲ್ ಇದೆ (ಎಲೆ ನೋಡುವ ಮೊದಲೇ ಇಬ್ಬರು 1 ಮತ್ತು 2 ಹಾಕಲೇಬೇಕು, ಅದಕ್ಕೆ ಬ್ಲೈಂಡ್ ಅನ್ನುತ್ತಾರೆ), 200 ಇಟ್ಟುಕೊಂಡು ಕೂರಬಹುದು. ನನ್ನ ಹತ್ತಿರ 2,000 ಇದೆ. ಪುಸ್ತಕಕ್ಕೆ ಅಂತ ಮನೆಯಿಂದ ಕಳಿಸಿದ್ದು, ಮುಂದಿನ ತಿಂಗಳು ಬೇಕು. ದೊಡ್ಡ ಗೆಲುವಿನ ಆಸೆ ನನಗಿಲ್ಲ. ಸಣ್ಣ ಟೇಬಲ್‌ನಲ್ಲಿ ಶಿಸ್ತಾಗಿ ಕಲಿಯಬೇಕು ಅಷ್ಟೆ. ಆಡಿ ಗೊತ್ತಿದ್ದವರು ದಾರಿ ಹೇಳಿ.

ಗೋಕುಲ ರಸ್ತೆ (ಶುಕ್ರವಾರ, ರಾತ್ರಿ 11:45)

ತಮ್ಮಾ, ಮೊದಲು ಲಿಂಕಿನ ಮಾತು ಮುಗಿಸುತ್ತೇನೆ, ಆಮೇಲೆ ಆಟದ ಮಾತು.

ಆ ಲಿಂಕ್ ಒತ್ತಬೇಡ. 2025 ರ ಆಗಸ್ಟ್ 20 ರಂದು ಲೋಕಸಭೆ, 21 ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಗೆ ಒಪ್ಪಿಗೆ ಕೊಟ್ಟವು. 22 ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅದರಲ್ಲಿ ಇಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ ನಿಜ. ಆದರೆ ಇನ್ನೂ ನಡೆಯುತ್ತಿರುವ ಸೈಟ್‌ಗಳು ಕದ್ದು ನಡೆಯುತ್ತಿವೆ. ಇವತ್ತು ಒಂದು ಯುಪಿಐ ಐಡಿಗೆ ಹಾಕು ಅನ್ನುತ್ತಾರೆ, ನಾಳೆ ಇನ್ನೊಂದಕ್ಕೆ. ಗೆದ್ದದ್ದು ಬರದಿದ್ದರೆ ಯಾರನ್ನು ಕೇಳುತ್ತೀ? ಆ ಐಡಿ ಯಾವನೋ ಮೋಸಗಾರನದಾಗಿದ್ದರೆ ನಿನ್ನ ಖಾತೆಯನ್ನೂ ಬ್ಯಾಂಕಿನವರು ತಡೆಹಿಡಿಯಬಹುದು. ಓದುವ ಹುಡುಗನಿಗೆ ಆ ತಾಪತ್ರಯ ಬೇಡ.

ಈಗ ಆಟ. ನಾನು 2022 ರ ನವೆಂಬರ್‌ನಿಂದ 2025 ರ ಆಗಸ್ಟ್‌ವರೆಗೆ ಕ್ಯಾಶ್ ಟೇಬಲ್ ಆಡಿದೆ. ಆಗ ಇಲ್ಲಿಯ ಆ್ಯಪ್‌ಗಳು ತೆರೆದೇ ಇದ್ದವು. ಬರೀ 1-2 ರೂಪಾಯಿ ಟೇಬಲ್, ಅದಕ್ಕಿಂತ ಮೇಲೆ ಹತ್ತಲಿಲ್ಲ. ಗೋಕುಲ ರಸ್ತೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಆಟದ ಲೆಕ್ಕ ಬರೆಯುತ್ತಿದ್ದೆ. ಎಷ್ಟಕ್ಕೆ ಕೂತೆ, ಎಷ್ಟಕ್ಕೆ ಎದ್ದೆ, ಎದ್ದದ್ದು ಯಾಕೆ. ಮೂರನೇ ಕಾಲಂ ಎಲ್ಲಕ್ಕಿಂತ ಮುಖ್ಯ. "ಊಟಕ್ಕೆ ಕರೆದರು", "ಹೊತ್ತಾಯಿತು" ಎಂದು ಬರೆದ ದಿನಗಳು ಒಳ್ಳೆ ದಿನಗಳು. "ಸಿಟ್ಟು ಬಂತು" ಎಂದು ಬರೆದ ದಿನದಲ್ಲೇ ಹೆಚ್ಚು ದುಡ್ಡು ಹೋಗಿದೆ.

ಒಂದು ಕೈ ಹೇಳುತ್ತೇನೆ. ರಾತ್ರಿ ಹನ್ನೊಂದೂವರೆ. ನನಗೆ ರಾಜ ಜೋಡಿ ಬಂತು. 6 ಕ್ಕೆ ಏರಿಸಿದೆ. ಬಟನ್‌ನಲ್ಲಿದ್ದವನು (ಸರದಿಯಲ್ಲಿ ಕೊನೆಯವನು) ಒಬ್ಬನೇ ಕಾಲ್ ಮಾಡಿದ, ಅಂದರೆ ಅವನೂ ಅಷ್ಟೇ ಹಾಕಿದ. ಬ್ಲೈಂಡ್ ಸೇರಿ ಪಾಟ್, ಅಂದರೆ ನಡುವಿನ ಹಣ, 15. ಫ್ಲಾಪ್, ಅಂದರೆ ನಡುವಿನ ಮೊದಲ ಮೂರು ಎಲೆ, 9, 7, 4. ನಾನು 10 ಹಾಕಿದೆ, ಅವನೂ ಹಾಕಿದ. ನಾಲ್ಕನೆಯ ಎಲೆ, ಟರ್ನ್, 8. ನಾನು 20, ಅವನೂ 20. ಪಾಟ್ 75. ಕೊನೆಯ ಎಲೆ, ರಿವರ್‌ನಲ್ಲಿ 2. ನಾನು 40 ಹಾಕಿದೆ. ಅವನು ಒಂದೇ ಸಲ 164 ಕ್ಕೆ ಆಲ್-ಇನ್, ಮುಂದಿದ್ದದ್ದೆಲ್ಲ ಒಳಗೆ.

ನಾನು ಇನ್ನೂ 124 ಹಾಕಬೇಕು. ಪಾಟ್‌ನಲ್ಲಿ ಆಗಲೇ 279 ಇದೆ. ಎರಡೂ ಸೇರಿ 403, ಅದರಲ್ಲಿ ನಾನು ಹಾಕುವುದು 124. ನೂರರಲ್ಲಿ 31 ಸಲ ನನ್ನ ಕೈ ಮೇಲಿದ್ದರೆ ಸಾಕು, ನಷ್ಟ ಇಲ್ಲ. ಆದರೆ ಅವನ ಬಗ್ಗೆ ನಾನೇ ಪುಸ್ತಕದಲ್ಲಿ ಬರೆದಿದ್ದೆ: "ಸುಮ್ಮನಿರುವವನು, ರಿವರ್‌ನಲ್ಲಿ ಏರಿಸಿದರೆ ಇದ್ದೇ ಇರುತ್ತದೆ." ನನ್ನ ಅಕ್ಷರ, ನನ್ನ ಪೆನ್ನು. ಪುಸ್ತಕ ತೊಡೆಯ ಮೇಲೇ ಇತ್ತು. ನೋಡಲಿಲ್ಲ. ರಾಜ ಜೋಡಿ ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಒತ್ತಿದೆ. ಅವನು 6-5 ತೋರಿಸಿದ. 5, 6, 7, 8, 9, ಸಾಲಾಗಿ ಇತ್ತು.

ಆ 200 ಹೋಗಿದ್ದು ತಪ್ಪಿನಲ್ಲಿ ಸಣ್ಣದು. ದಿನಕ್ಕೆ ಎರಡು ಬೈ-ಇನ್ (ಒಮ್ಮೆ ಕೂರಲು ಇಡುವ 200) ಹೋದರೆ ಎದ್ದುಬಿಡಬೇಕು ಎಂದು ನಿಯಮ ಇಟ್ಟಿದ್ದೆ. ಅವತ್ತು ನಾಲ್ಕು ಸಲ ಕೂತೆ. ಒಂದೂವರೆಗೆ 800 ಕಳೆದು ಮಲಗಿದೆ. ಮರುದಿನ ಒಂದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವಾಗ ಸುತ್ತಿನ ಲೆಕ್ಕ ತಪ್ಪಿ, ಎಲ್ಲ ಬಿಚ್ಚಿ ಮತ್ತೆ ಸುತ್ತಿದೆ. ರೈತ ಬಾಗಿಲಲ್ಲಿ ಕೂತು ಕಾಯುತ್ತಿದ್ದ. ಅವನ ಹೊಲಕ್ಕೆ ಅವತ್ತು ನೀರು ಹೋಗಲಿಲ್ಲ. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ.

ಬೆಟಗೇರಿ ಮೇಷ್ಟ್ರು (ಶನಿವಾರ, ಬೆಳಿಗ್ಗೆ 6:50)

ಗದಗದಿಂದ ನಮಸ್ಕಾರ. ನಾನು ಗಣಿತ ಹೇಳಿಕೊಡುವವನು. ದುಡ್ಡಿಟ್ಟು ಎಂದೂ ಆಡಿಲ್ಲ, ಆದರೆ ಈ ಆಟದ ಲೆಕ್ಕ ನನಗೆ ಬಹಳ ಇಷ್ಟ. ಹುಡುಗನಿಗೆ ಎರಡು ಸಂಗತಿ ಹೇಳಬೇಕು.

ಕೈಗೆ ಬರುವ ಎರಡು ಎಲೆಗಳ ಜೋಡಣೆ ಒಟ್ಟು 1,326. ಅದರಲ್ಲಿ ಎಕ್ಕ ಜೋಡಿ 6 ಮಾತ್ರ. ಅಂದರೆ 221 ಕೈಗೆ ಒಂದು ಸಲ. ಯಾವುದಾದರೂ ಒಂದು ಜೋಡಿ ಬರುವುದು 17 ಕ್ಕೆ ಒಂದು. ಜೋಡಿ ಬಂದ ಮೇಲೂ ಫ್ಲಾಪ್‌ನಲ್ಲಿ ಮೂರನೆಯದು ಸೇರುವುದು ಎಂಟೂವರೆಗೆ ಒಂದು ಸಲ. ಹಾಗಾಗಿ ಈ ಆಟದಲ್ಲಿ ಬಹುಪಾಲು ಹೊತ್ತು ಎಲೆ ಕೆಳಗಿಟ್ಟು ಕೂರಬೇಕು. ಬೇಸರ ತಡೆಯಲಾಗದೆ ಜನ ಸುಮ್ನೆ ಒಳಗೆ ಬೀಳುತ್ತಾರೆ.

ಎರಡನೆಯದು ಏರಿಳಿತ. ನೂರು ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ (ದೊಡ್ಡ ಬ್ಲೈಂಡ್, 1-2 ಟೇಬಲ್ಲಿಗೆ 2 ರೂಪಾಯಿ) ಗೆಲ್ಲುವವನು ಸಣ್ಣ ಟೇಬಲ್‌ನಲ್ಲಿ ಒಳ್ಳೆ ಆಟಗಾರನೇ. ಆದರೆ ಅದೇ ನೂರು ಕೈಯಲ್ಲಿ ಏರಿಳಿತ ಸುಮಾರು 90 ಬಿಗ್ ಬ್ಲೈಂಡ್ ಎಂದು ಹಿಡಿಯಿರಿ. 10,000 ಕೈ ಆಡಿದರೆ ಗೆಲುವು ನೂರು ಪಟ್ಟಾಗಿ 500 ಆಗುತ್ತದೆ. ಏರಿಳಿತ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ, ಹತ್ತು ಪಟ್ಟು, ಅಂದರೆ 900. ಇದರ ಅರ್ಥ ನೋಡಿ. ಅಂಥ ಹತ್ತು ಜನ ಒಳ್ಳೆ ಆಟಗಾರರಲ್ಲಿ ಸುಮಾರು ಮೂವರು 10,000 ಕೈ ಆಡಿದ ಮೇಲೂ ನಷ್ಟದಲ್ಲೇ ಇರುತ್ತಾರೆ. ಗಂಟೆಗೆ 70 ಕೈ ಎಂದರೂ ಅದು 140 ಗಂಟೆ ಮೀರಿದ ಆಟ. ದಿನಕ್ಕೊಂದು ಗಂಟೆ ಆಡಿದರೆ ಸುಮಾರು ಐದು ತಿಂಗಳು. ಐದು ತಿಂಗಳು ಸರಿಯಾಗಿ ಆಡಿ ಸೋತವನು ತಾನು ಸರಿಯಾಗಿ ಆಡುತ್ತಿದ್ದೇನೋ ಇಲ್ಲವೋ ಎಂದು ದುಡ್ಡು ನೋಡಿ ಹೇಗೆ ತಿಳಿಯಬೇಕು? ತಿಳಿಯಲು ಆಗುವುದೇ ಇಲ್ಲ. ಕೈಗಳನ್ನು ಬರೆದಿಟ್ಟು ಒಂದೊಂದೇ ನೋಡಬೇಕು. ಗೋಕುಲ ರಸ್ತೆಯವರ ಉದ್ರಿ ಪುಸ್ತಕ ಅದಕ್ಕೇ ನನಗೆ ಹಿಡಿಸಿತು.

ಚಿಗರಿ ಸವಾರ (ಶನಿವಾರ, ಬೆಳಿಗ್ಗೆ 9:15)

ಎಲ್ಲರ ಮಾತು ಓದಿದೆ, ಆದರೆ ಒಂದು ಒಪ್ಪುವುದಿಲ್ಲ ರೀ. ದುಡ್ಡಿಲ್ಲದ ಪೋಕರ್ ಪೋಕರೇ ಅಲ್ಲ. ಫ್ರೀ ಚಿಪ್ಸ್ ಆ್ಯಪ್ ತೆರೆದು ನೋಡಿ. ಮೊದಲ ಕೈಯಲ್ಲೇ ಐದು ಜನ ಆಲ್-ಇನ್. 7-2 ರಂಥ ಕೆಟ್ಟ ಎಲೆ ಹಿಡಿದವನೂ ಆಲ್-ಇನ್. ಮುಗಿದರೆ ಮತ್ತೆ ಚಿಪ್ಸ್ ಸಿಗುತ್ತವೆ, ಯಾರಿಗೆ ಏನು ಕಷ್ಟ? ಅಲ್ಲಿ ಬ್ಲಫ್ (ಕೆಟ್ಟ ಎಲೆ ಹಿಡಿದು ಹೆದರಿಸುವುದು) ಕಲಿಯಲು ಬರುವುದಿಲ್ಲ, ಎಲೆ ಬಿಡುವುದನ್ನೂ ಕಲಿಯಲು ಬರುವುದಿಲ್ಲ. ಹತ್ತು ರೂಪಾಯಿಯಾದರೂ ಹೋಗುವ ಭಯ ಇರಬೇಕು. ಲಿಂಕ್ ಬೇಡ ಅನ್ನುವುದು ಸರಿ. ಆದರೆ ಹುಡುಗ ಕಲಿಯುವುದಾದರೂ ಹೇಗೆ?

ಹಾವೇರಿ ಅಕ್ಕ (ಶನಿವಾರ, ಮಧ್ಯಾಹ್ನ 1:30)

ನನಗೆ ಎಲೆ ಆಟ ಬರುವುದಿಲ್ಲ. ಆದರೂ ಬರೆಯಬೇಕು ಅನ್ನಿಸಿತು.

ನನ್ನ ತಮ್ಮನೂ ಹೀಗೇ ಶುರು ಮಾಡಿದ್ದು. ಸಣ್ಣದು, ಕಲಿಯುವುದಕ್ಕೆ. ಅವನು ಮೆಣಸಿನಕಾಯಿ ವ್ಯಾಪಾರದಲ್ಲಿ ಕೆಲಸಕ್ಕಿದ್ದ. ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಬರುವಾಗ ಬಸ್ಸಿನಲ್ಲಿ ಆಡುತ್ತಿದ್ದ. ಬೈಕು ಮಾರಿದ್ದು ನಮಗೆ ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ. ಸಾಲದ ಆ್ಯಪ್‌ನವರು ಅವ್ವನ ನಂಬರಿಗೆ ಫೋನ್ ಮಾಡಿದಾಗ ಉಳಿದದ್ದೆಲ್ಲ ಹೊರಬಂತು. ಅವ್ವ ಆ ಫೋನ್ ಮುಟ್ಟುವುದನ್ನೇ ಬಿಟ್ಟಳು. ಈಗಲೂ ರಿಂಗ್ ಆದರೆ ನನ್ನ ಕಡೆ ನೋಡುತ್ತಾಳೆ.

ತಮ್ಮನನ್ನು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಮೊದಲ ದಿನ ಗಾಡಿಯಿಂದ ಇಳಿಯಲಿಲ್ಲ. ಎರಡನೇ ಸಲ ಇಳಿದ. ಈಗ ಚಲೋ ಇದ್ದಾನೆ. ಇದನ್ನು ಓದುವ ಯಾರಾದರೂ ಆ ಸ್ಥಿತಿಯಲ್ಲಿದ್ದರೆ 14416 ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಮೋಸ ಹೋಗಿದ್ದರೆ 1930 ಸೈಬರ್ ಸಹಾಯವಾಣಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು.

ತಮ್ಮಾ, ಪುಸ್ತಕದ ದುಡ್ಡು ಪುಸ್ತಕಕ್ಕೇ ಇರಲಿ. ಅಕ್ಕ ಹೇಳಿದಳು ಅಂದುಕೋ.

ಗೋಕುಲ ರಸ್ತೆ (ಶನಿವಾರ, ರಾತ್ರಿ 9:05)

ಅಕ್ಕಾರ, ನೀವು ಬರೆದದ್ದು ಒಳ್ಳೆಯದಾಯಿತು. ನಾನು ನನ್ನ ಪುಸ್ತಕ ತೆಗೆದು ಕೂತಿದ್ದೇನೆ.

ನನ್ನ ಒಟ್ಟು ಲೆಕ್ಕ ಇಲ್ಲಿ ಹೇಳಿಬಿಡುತ್ತೇನೆ, ಯಾಕಂದರೆ ಸಣ್ಣ ಟೇಬಲ್‌ನಲ್ಲಿ ಗೆಲ್ಲುವವರ ಕಥೆಯನ್ನೇ ಎಲ್ಲರೂ ಕೇಳಿರುತ್ತಾರೆ. ಸುಮಾರು 61,000 ಕೈ. ಕೊನೆಗೆ 3,140 ರೂಪಾಯಿ ನಷ್ಟ. ಎದುರಿನವರಿಗೆ ಸೋತದ್ದಲ್ಲ ಅದು. ನಾನು ಆಡುತ್ತಿದ್ದ ಕಡೆ ಪಾಟ್‌ಗೆ ಶೇಕಡಾ 5 ಕತ್ತರಿಸುತ್ತಿದ್ದರು. 200 ರೂಪಾಯಿ ಪಾಟ್ ಗೆದ್ದರೆ 10 ರೂಪಾಯಿ ಅವರಿಗೆ. 1-2 ಟೇಬಲ್‌ನಲ್ಲಿ 10 ರೂಪಾಯಿ ಎಂದರೆ ಐದು ಬಿಗ್ ಬ್ಲೈಂಡ್. ಮೇಷ್ಟ್ರು ಹೇಳಿದ ಒಳ್ಳೆ ಆಟಗಾರ ನೂರು ಕೈ ಆಡಿ ಗಳಿಸುವುದು ಅಷ್ಟೇ ಅಲ್ವಾ? ಅದರ ಮೇಲೆ 2023 ರ ಏಪ್ರಿಲ್‌ನಿಂದ ನಿವ್ವಳ ಗೆಲುವಿಗೆ ಶೇಕಡಾ 30 ಟಿಡಿಎಸ್. ಅದೇ ವರ್ಷ ಅಕ್ಟೋಬರ್ 1 ರಿಂದ ಕಟ್ಟಿದ ಪೂರ್ತಿ ಹಣಕ್ಕೆ ಶೇಕಡಾ 28 ಜಿಎಸ್‌ಟಿ. 100 ಕಟ್ಟಿದರೆ ಅದರಲ್ಲಿ 21.88 ತೆರಿಗೆಯೇ. ಆ ತೆರಿಗೆ ಬಂದ ದಿನವೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಟ ಅಷ್ಟು ಚಂದ ಅನ್ನಿಸುತ್ತಿತ್ತು.

ತಮ್ಮಾ, ನಿನ್ನ 2,000 ದ ಬಗ್ಗೆ. ಕ್ರಿಸ್ ಫರ್ಗ್ಯೂಸನ್ ಎಂಬ ಅಮೆರಿಕದ ಆಟಗಾರರಿದ್ದಾರೆ. 2000 ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಗೆದ್ದವರು. 2006 ರಲ್ಲಿ ಅವರು ಒಂದು ಪೈಸೆ ಕಟ್ಟದೆ, ಪ್ರವೇಶ ಶುಲ್ಕ ಇಲ್ಲದ ಪಂದ್ಯಗಳಿಂದ ಶುರು ಮಾಡಿ 10,000 ಡಾಲರ್ ಮುಟ್ಟುವ ಪ್ರಯೋಗಕ್ಕೆ ಕೂತರು. ಮುಟ್ಟಿದರು ಕೂಡ. ಅವರ ನಿಯಮ ಸರಳ. ಯಾವ ಕ್ಯಾಶ್ ಟೇಬಲ್‌ಗೂ ಇದ್ದ ಹಣದ ಶೇಕಡಾ 5 ಕ್ಕಿಂತ ಜಾಸ್ತಿ ಇಟ್ಟುಕೊಂಡು ಕೂರಬಾರದು. ಗೆದ್ದು ಗೆದ್ದು ಟೇಬಲ್ ಮೇಲಿನ ಹಣ ಶೇಕಡಾ 10 ದಾಟಿದರೆ, ಬ್ಲೈಂಡ್ ತನ್ನ ಬಳಿ ಬಂದ ಕೂಡಲೇ ಏಳಬೇಕು. ಈಗ ನಿನಗೆ ಹಚ್ಚಿ ನೋಡು. 2,000 ಕ್ಕೆ ಶೇಕಡಾ 5 ಎಂದರೆ 100. ನೀನು ಸಣ್ಣದು ಎನ್ನುವ ಟೇಬಲ್‌ಗೆ 200 ಬೇಕು. ಅವರ ಲೆಕ್ಕದಲ್ಲಿ ಅದು ನಿನಗೆ ದೊಡ್ಡ ಟೇಬಲ್. ನಾನು 30 ಬೈ-ಇನ್, 6,000 ಬೇರೆ ಇಟ್ಟುಕೊಂಡು ಕೂರುತ್ತಿದ್ದೆ. ಅದು ಹೋದರೂ ಮನೆಯ ಖರ್ಚಿಗೆ ಏನೂ ಆಗದ ಹಣ. ನಿನ್ನದು ಅಂಥ ಹಣ ಅಲ್ಲ.

ಚಿಗರಿ ಸವಾರರೆ, ನಿಮ್ಮ ಪ್ರಶ್ನೆ ನಿಜವಾದ ಪ್ರಶ್ನೆ. ಫ್ರೀ ಚಿಪ್ಸ್ ಟೇಬಲ್‌ನಲ್ಲಿ ಶಿಸ್ತು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಶಿಸ್ತು ಬರದಿರುವುದಕ್ಕೆ ಕಾರಣ ದುಡ್ಡಿಲ್ಲ ಅಂತಲ್ಲ. ಮುಗಿದರೆ ಮತ್ತೆ ಸಿಗುತ್ತದೆ ಅಂತ. ಮತ್ತೆ ಸಿಗದ ಹಾಗೆ ಮಾಡಿ ನೋಡಿ.

ನಾವು ಮಾಡುವುದು ಹೀಗೆ. ಆಗಸ್ಟ್‌ನಲ್ಲಿ ಟೇಬಲ್ ಮುಚ್ಚಿದ ಮೇಲೆ ಓಣಿಯ ಐದು ಜನ ಸೇರಿದೆವು. ಭಾನುವಾರ ಸಂಜೆ ನಮ್ಮ ಮನೆಯ ಪಡಸಾಲೆ. ಚಿಪ್ಸ್ ಬದಲು ಹುಣಸೆ ಬೀಜ. ಬೇಸಿಗೆಯಲ್ಲಿ ನಮ್ಮವ್ವ ಹುಣಸೆಹಣ್ಣು ಬಿಡಿಸಿ ಬೀಜ ಡಬ್ಬಿಯಲ್ಲಿ ತುಂಬಿಟ್ಟಿದ್ದಳು, ಚೌಕಾಬಾರಕ್ಕೆ ಬೇಕಾಗುತ್ತವೆ ಅಂತ. ತಲೆಗೆ 200 ಬೀಜ ಒಂದು ಬೈ-ಇನ್. ಬ್ಲೈಂಡ್ 1 ಮತ್ತು 2. ತಿಂಗಳಿಗೆ ಒಬ್ಬರಿಗೆ ಆರು ಬೈ-ಇನ್, ಅದಕ್ಕಿಂತ ಒಂದು ಬೀಜ ಜಾಸ್ತಿ ಇಲ್ಲ. ಮುಗಿಯಿತು ಎಂದರೆ ಆ ತಿಂಗಳು ಅವರು ಎಲೆ ಹಂಚುವುದು, ಚಹಾ ಕೊಡುವುದು. ಆಡುವ ಹಾಗಿಲ್ಲ. ಬೀಜಕ್ಕೆ ದುಡ್ಡಿನ ಬೆಲೆ ಕಟ್ಟುವ ಹಾಗಿಲ್ಲ, ಯಾರೂ ಯಾರಿಗೂ ಕೊಡುವ ಹಾಗಿಲ್ಲ.

ಮೊದಲ ತಿಂಗಳು ಒಬ್ಬರು ಎರಡನೇ ಭಾನುವಾರಕ್ಕೇ ಆರೂ ಮುಗಿಸಿದರು. ಉಳಿದ ಎರಡು ಭಾನುವಾರ ಎಲೆ ಹಂಚುತ್ತಾ ಕೂತರು. ಎಲ್ಲರ ಆಟ ನೋಡುತ್ತಾ ಕೂತರು. ಮುಂದಿನ ತಿಂಗಳು ಅವರ ಕೈಯಲ್ಲಿ ಎಕ್ಕ-ರಾಣಿ ಇದ್ದು, ಎದುರಿನವರು ಮೂರನೇ ಸಲ ಏರಿಸಿದಾಗ, ಬೀಜದ ಗುಡ್ಡೆ ಮೇಲೆ ಕೈ ಇಟ್ಟು ಒಂದು ನಿಮಿಷ ಕೂತು, ಎಲೆ ಮಗುಚಿ ಹಾಕಿದರು. ಬೆರಳು ನಡುಗುತ್ತಿತ್ತು. ಹುಣಸೆ ಬೀಜಕ್ಕೆ! ಭಯಕ್ಕೆ ದುಡ್ಡೇ ಬೇಕಿಲ್ಲ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಚಿಗರಿ ಸವಾರ (ಶನಿವಾರ, ರಾತ್ರಿ 10:40)

ಇದು ನನಗೆ ಹೊಳೆದಿರಲಿಲ್ಲ. ಎಲೆ ಹಂಚುತ್ತಾ ಕೂರುವುದು ನಿಜವಾಗಿ ಕಠಿಣ. ನಾನು ವಿದ್ಯಾನಗರದಲ್ಲಿದ್ದೇನೆ, ಒಂದು ಭಾನುವಾರ ಬರಬಹುದಾ?

ಗೋಕುಲ ರಸ್ತೆ (ಶನಿವಾರ, ರಾತ್ರಿ 10:52)

ಬನ್ನಿ ರೀ. ಆರನೆಯವರಿಗೆ ಜಾಗ ಇದೆ. ಒಂಬತ್ತಕ್ಕೆ ಆಟ ಬಂದ್, ನಡುವೆ ಎಂಥ ಕೈ ಇದ್ದರೂ ಅದೇ ಕೊನೆ ಕೈ.

ಕೆಲಗೇರಿ ದಂಡೆ (ಭಾನುವಾರ, ಬೆಳಿಗ್ಗೆ 7:30)

ಅಣ್ಣಾರ, ಅಕ್ಕಾರ, ಮೇಷ್ಟ್ರೇ, ಎಲ್ಲ ಎರಡು ಸಲ ಓದಿದೆ. ಲಿಂಕ್ ಡಿಲೀಟ್ ಮಾಡಿದೆ. ಗೆಳೆಯನಿಗೂ ಈ ಚರ್ಚೆ ತೋರಿಸಿದೆ. ಅವನು ಆಗಲೇ 500 ಹಾಕಿದ್ದನಂತೆ. ನನಗೆ ಹೇಳಿರಲಿಲ್ಲ. ವಾಪಸ್ ಕೇಳಿದರೆ "ಇನ್ನೂ 1,000 ಹಾಕಿದರೆ ಬಿಡುಗಡೆ" ಎಂದು ಉತ್ತರ ಬಂದಿದೆ. 1930 ಕ್ಕೆ ಇವತ್ತೇ ಫೋನ್ ಮಾಡಿಸುತ್ತೇನೆ.

ಪುಸ್ತಕ ನಾಳೆ ಕೊಳ್ಳುತ್ತೇನೆ ಅಕ್ಕಾರ. ದುಡ್ಡು ಕೈಯಲ್ಲಿದ್ದರೆ ಮನಸ್ಸು ಅತ್ತಿತ್ತ ಹೋಗುತ್ತದೆ.

ಸಂಜೆ ನಮ್ಮ ಪಿಜಿಯಲ್ಲಿ ನಾಲ್ಕು ಜನ ಕೂರುತ್ತೇವೆ. ಹುಣಸೆ ಬೀಜ ಇಲ್ಲ, ಶೇಂಗಾ ಇಡಬೇಕು ಅಂದುಕೊಂಡಿದ್ದೇವೆ.

ಹಾವೇರಿ ಅಕ್ಕ (ಭಾನುವಾರ, ಬೆಳಿಗ್ಗೆ 8:10)

ಒಳ್ಳೆಯದಾಗಲಿ ತಮ್ಮಾ. ಗೆಳೆಯನಿಗೆ ಬೈಯಬೇಡ. ಅವನ ಜೊತೆ ಕೂತು ನೀನೇ ಫೋನ್ ಮಾಡಿಸು.

ಬೆಟಗೇರಿ ಮೇಷ್ಟ್ರು (ಭಾನುವಾರ, ಬೆಳಿಗ್ಗೆ 8:30)

ಶೇಂಗಾ ಬೇಡಪ್ಪ. ಆಡುತ್ತಾ ತಿಂದುಬಿಡುತ್ತೀರಿ, ಲೆಕ್ಕ ಸಿಗುವುದಿಲ್ಲ. ಬೆಂಕಿಕಡ್ಡಿಯೇ ಇರಲಿ.

ಕೆಲಗೇರಿ ದಂಡೆ (ಭಾನುವಾರ, ರಾತ್ರಿ 9:50)

ಬೆಂಕಿಕಡ್ಡಿಯೇ ಇಟ್ಟೆವು. ತಲೆಗೆ 100 ಕಡ್ಡಿ, ಬ್ಲೈಂಡ್ 1-2. ತಿಂಗಳಿಗೆ ನಾಲ್ಕು ಬೈ-ಇನ್ ಎಂದು ಗೋಡೆ ಮೇಲೆ ಬರೆದು ಹಚ್ಚಿದೆವು. ನಾನು ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಕೈ ಕೇಳುವುದಿದೆ.

ನನ್ನ ಹತ್ತಿರ ಎಕ್ಕ-10, ಎರಡೂ ಕಳಾವರ. ಫ್ಲಾಪ್‌ನಲ್ಲಿ ಎರಡು ಕಳಾವರ, ಒಂದು ಆಟೀನು. ಜೋಡಿ ಏನೂ ಆಗಲಿಲ್ಲ, ಇನ್ನೊಂದು ಕಳಾವರ ಬಂದರೆ ಫ್ಲಶ್, ಐದೂ ಒಂದೇ ಜಾತಿ. ಪಾಟ್‌ನಲ್ಲಿ 18 ಕಡ್ಡಿ. ಎದುರಿನವನು 18 ಹಾಕಿದ. ನಾನು ಕಾಲ್ ಮಾಡಿದೆ. ಟರ್ನ್ ಕಳಾವರ ಬರಲಿಲ್ಲ, ಅವನು ಮತ್ತೆ ಹಾಕಿದ, ಬಿಟ್ಟೆ. ಫ್ಲಾಪ್‌ನಲ್ಲಿ ಕಾಲ್ ಮಾಡಿದ್ದು ತಪ್ಪಾ?

ಬೆಟಗೇರಿ ಮೇಷ್ಟ್ರು (ಭಾನುವಾರ, ರಾತ್ರಿ 10:15)

18 ಹಾಕಿ 36 ಗೆಲ್ಲುವ ಆಸೆ. ಅಂದರೆ ಮೂರರಲ್ಲಿ ಒಂದು ಸಲ ಬರಬೇಕು, ಶೇಕಡಾ 33. ಉಳಿದ ಕಳಾವರ 9, ಕಾಣದ ಎಲೆ 47. ಮುಂದಿನ ಒಂದು ಎಲೆಯಲ್ಲಿ ಬರುವುದು ಶೇಕಡಾ 19. ಎರಡೂ ಎಲೆ ನೋಡಲು ಸಿಕ್ಕರೆ 35. ಆದರೆ ಅವನು ಟರ್ನ್‌ನಲ್ಲಿ ಮತ್ತೆ ಹಾಕಿದ, ನೀನು ಬಿಟ್ಟೆ. ಹಾಗಾಗಿ ನೀನು ಕೊಂಡದ್ದು ಒಂದೇ ಎಲೆ. ಎಕ್ಕ ಬಂದು ಜೋಡಿಯಾದರೂ ಗೆಲ್ಲಬಹುದಿತ್ತು, ಅದಕ್ಕೆ ಸ್ವಲ್ಪ ಸೇರಿಸಿಕೋ.

ಗೋಕುಲ ರಸ್ತೆ (ಭಾನುವಾರ, ರಾತ್ರಿ 10:30)

ಇನ್ನೊಂದು ಬೇಕು ತಮ್ಮಾ. ಫ್ಲಶ್ ಆದಮೇಲೆ ಅವನಿಂದ ಇನ್ನೆಷ್ಟು ಕಡ್ಡಿ ಬರುತ್ತಿತ್ತು? ಅವನ ಮುಂದೆ 10 ಉಳಿದಿದ್ದರೆ ಎಲೆ ಬಿಡಬೇಕಿತ್ತು. 75 ಇದ್ದು, ಬಿಡಲಾರದ ಮನುಷ್ಯನಾಗಿದ್ದರೆ ಕಾಲ್ ಮಾಡಿದ್ದು ಸರಿ. ನೀನು ಅವನ ಕಡ್ಡಿ ಎಣಿಸಿ ಬರೆದಿಲ್ಲ. ಮುಂದಿನ ವಾರ ಆ ಕಾಲಂ ಒಂದು ಸೇರಿಸು.